ಪಕ್ಕದ ಸೀಟಿನ ಚೀಲ

ಭಾನುವಾರ ಬೆಳಕು ಹರಿಯುವ ಮುಂಚೆ
ತೋರಣಗಲ್ಲಿನ ಆಚೆ, ನನ್ನ ವೇಬ್ರಿಡ್ಜಿನ ಮೇಲೆ
ಲಾರಿಗಳಿಲ್ಲ. ಕಾರುಗಳು.
ಅರವತ್ತು ಟನ್ ತೂಗುವ ತಟ್ಟೆಗೆ
ಒಂದು ಮಾರುತಿ ಎಂಟುನೂರು ಬಂದು ನಿಂತರೆ
ಪೈಲ್ವಾನನ ಅಂಗೈಯಲ್ಲಿ ಶೇಂಗಾ ಬೀಜ.
ಆರುನೂರ ನಲವತ್ತು, ಅನ್ನುತ್ತದೆ ಕೆಂಪು ಅಂಕಿ.
ಹತ್ತು ಕಿಲೋ ಆಚೆ ಈಚೆ ಅದಕ್ಕೂ ಗೊತ್ತಾಗದು.

ಎಂಟುನೂರು ಹೊನ್ನೂರಬಿಯದು.
ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಯುತ್ತಾಳೆ,
ಸ್ಟೀರಿಂಗ್ ಹಿಡಿದ ಬೆರಳಲ್ಲೂ ನೀಲಿ.
ಎಸ್ಟೀಮ್ ಎರ್ರಿಸ್ವಾಮಿಯದು,
ಬಾಗಿಲು ಒಂದು ಬಣ್ಣ, ಬಾನೆಟ್ ಇನ್ನೊಂದು.
ಗಾದಿಲಿಂಗನದು ಪೋಲೊ. ಹೊಸದಲ್ಲ, ಆದರೂ ಪೋಲೊ.
ಮೂರನ್ನೂ ಒಂದೇ ಗೆರೆಗೆ ನಿಲ್ಲಿಸಿ ಓಡಿ ಅಂದರೆ
ಅದು ಓಟವಲ್ಲ,
ಯಾರ ಹತ್ತಿರ ಎಷ್ಟು ದುಡ್ಡು ಅನ್ನುವ ಲೆಕ್ಕ.
ಅದನ್ನು ನೋಡೋಕೆ ಇಷ್ಟು ದೂರ ಯಾಕೆ,
ರಾಯಲ್ ಸರ್ಕಲ್ಲಿನಲ್ಲಿ ದಿನಾ ಕಾಣುತ್ತದೆ.

ಅದಕ್ಕೇ ಚೀಲ.
ಇಪ್ಪತ್ತು ಕಿಲೋ. ಹೊರಗೆ ಸಿಮೆಂಟಿನ ಹೆಸರು, ಒಳಗೆ ಅದಿರು.
ಗೆದ್ದವರಿಗೆ ಎರಡು, ಎರಡನೆಯವರಿಗೆ ಒಂದು,
ಕೊನೆಗೆ ಬಂದವರ ಕಾರಿನಿಂದ ಒಂದು ಇಳಿಸು.
ಪಕ್ಕದ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂರಿಸುತ್ತೇನೆ,
ಬೀಗರ ಮನೆಗೆ ಹೊರಟ ಅತ್ತೆಯ ಹಾಗೆ.
‘ಗೆದ್ದಿದ್ದಕ್ಕೆ ದಂಡ ಕಟ್ಟಬೇಕಾ ಮಾವಾ?’
‘ಹೂಂ, ಕಟ್ಟು.’
ಇದಕ್ಕಿಂತ ಒಳ್ಳೆ ಉತ್ತರ ಹುಡುಕಿದ್ದೇನೆ, ಸಿಕ್ಕಿಲ್ಲ.

ಐದು ಚೀಲ ಹೇರಿದರೂ ಪೋಲೊ ಪೋಲೊನೇ.
ಹೊನ್ನೂರಬಿಯ ಸ್ಟೆಪ್ನಿ ಇಳಿಸಿದೆ, ಹಿಂದಿನ ಸೀಟು ಬಿಚ್ಚಿದೆ.
‘ಹದಿನೈದು ಸೆಕೆಂಡು ಮೊದಲೇ ಬಿಡ್ತೀನಿ’ ಅಂದೆ.
‘ಬ್ಯಾಡ. ಆಗ ಕನ್ನಡಿ ನೋಡ್ತಾ ಓಡಿಸಬೇಕಾಗ್ತೈತೆ.
ಮಷೀನ್ ಮುಂದೆ ಕೂತು ಹಿಂದೆ ನೋಡಿದ್ರೆ
ಸೂಜಿ ಎಲ್ಲಿಗೆ ಇಳೀತೈತೆ ಗೊತ್ತಲ್ಲ?’
ಸರಿ, ದಾರಿಯನ್ನೇ ತಿರುಗಿಸಿದೆ.
ಮುಚ್ಚಿದ ಗಣಿಯ ಹನ್ನೊಂದು ತಿರುವಿನ ರಸ್ತೆ,
ಮೇಲಿಂದ ಕೆಳಕ್ಕೆ.
ಏರಿನಲ್ಲಿ ಎಂಜಿನ್ನು ದೊಡ್ಡದು,
ಇಳಿಜಾರಿನಲ್ಲಿ ಎದೆ.
ಅಲ್ಲಿ ಚೀಲವೂ ಬೆನ್ನಿಗೆ ಕೈ ಹಾಕಿ ನೂಕುತ್ತದೆ,
ಬ್ರೇಕು ಸುಟ್ಟ ವಾಸನೆ ನನ್ನ ತನಕ ಬರುತ್ತದೆ.

ಮೊನ್ನೆ ಅಭ್ಯಾಸದ ಸುತ್ತು.
ತಿರುವೇ ಇಲ್ಲದ ಕಡೆ, ಚಪ್ಪಟೆ ನೇರ ರಸ್ತೆಯಲ್ಲಿ
ಗಾದಿಲಿಂಗನ ಬ್ರೇಕ್ ದೀಪ ಮಿಣುಕಿತು.
ಒಮ್ಮೆ. ಮತ್ತೊಮ್ಮೆ.
ನಿಧಾನ ಅನ್ನಿಸಿಕೊಂಡರೆ ಚೀಲ ಕಡಿಮೆ.
ಸುಳ್ಳಿಗೆ ಎಷ್ಟು ಕಿಲೋ?

ನನ್ನನ್ನು ಕೇಳಬೇಕು ಅದನ್ನ.
ಆ ವರ್ಷಗಳಲ್ಲಿ, ರಾತ್ರಿಗೂ ಹಗಲಿಗೂ ಒಂದೇ ಕೆಂಪು ಇದ್ದಾಗ,
ಇದೇ ತಟ್ಟೆ ಇಪ್ಪತ್ತೇಳು ಅಂದದ್ದನ್ನು
ಹದಿನಾರು ಎಂದು ಬರೆದ ಕೈ ಇದು.
ಮಿಕ್ಕ ಹನ್ನೊಂದು ಟನ್ ಯಾವ ಹಡಗು ಹತ್ತಿತೋ,
ನನ್ನ ಪಾಲು ಒಂದು ಹೀರೋ ಹೋಂಡಾ,
ತಂಗಿಯ ಮದುವೆಯ ಊಟ.
ಚೀಲದಲ್ಲಿರುವುದು ಆಗಿನದೇ.
ಗುಂಡಿಗಳಲ್ಲಿ ಲಾರಿ ಕುಲುಕಿ ಚೆಲ್ಲಿದ್ದು,
ರಸ್ತೆ ಬದಿಯಿಂದ ಬಾಚಿ ತುಂಬಿದ್ದು,
ಯಾವ ರಿಜಿಸ್ಟರಿಗೂ ಬಾರದ ತೂಕ.

ಬೈಯಲಿಲ್ಲ. ಒಂದು ಚೀಲ ಹೆಚ್ಚಿಗೆ ತಂದಿಟ್ಟೆ.
‘ಇದ್ಯಾಕೆ?’
‘ದೀಪಕ್ಕೆ.’
ಸುಮ್ಮನಿದ್ದ. ಆಮೇಲೆ ನಕ್ಕ.
ಚೀಲ ಅವನೇ ಎತ್ತಿಟ್ಟುಕೊಂಡ.

ಇವತ್ತು ಕೆಳಗೆ ನಿಂತಿದ್ದೇನೆ ಬಾವುಟ ಹಿಡಿದು.
ಹೊನ್ನೂರಬಿ ಕಟ್‌ಪೀಸಿನಲ್ಲಿ ಹೊಲಿದದ್ದು,
ಕಪ್ಪು ಡೆನಿಮ್, ಬಿಳಿ ಡೆನಿಮ್, ತೂಕವೋ ತೂಕ.
ಕೊನೆಯ ತಿರುವಿನಿಂದ ಮೊದಲು ಬಂದದ್ದು ಧೂಳು.
ಅದರೊಳಗೆ ಮೂರು ಸದ್ದು.
ಮೂರಕ್ಕೂ ಒಂದೇ ಬಣ್ಣ.
ಯಾರು ಮುಂದೆ?
ಗೊತ್ತಾಗುತ್ತಿಲ್ಲ.
ಲಾರಿ ಹತ್ತಿದ ಮೇಲೆ ಕೆಂಪು ಅಂಕಿ ಕುಣಿಯುತ್ತವಲ್ಲ
ಒಂದು ಕಡೆ ನಿಲ್ಲುವ ಮುಂಚೆ,
ಅಷ್ಟು ಹೊತ್ತು, ದೇವರಾಣೆ, ಗೊತ್ತಾಗಲಿಲ್ಲ.

ಆಮೇಲೆ ಯಾರೋ ಗೆದ್ದರು. ರಿಜಿಸ್ಟರಿನಲ್ಲಿದೆ,
ಇದ್ದದ್ದು ಇದ್ದ ಹಾಗೆ.
ಬರುವ ಭಾನುವಾರಕ್ಕೆ ಎರಡು ಚೀಲ ತುಂಬಬೇಕು.
ಸಲಿಕೆ ಎಲ್ಲಿಟ್ಟೆ?