ಕಂಸದೊಳಗಿನದು

ವಿಜಯಪುರ. ಏಪ್ರಿಲ್. ಮೌಲ್ಯಮಾಪನ ಕೇಂದ್ರದ ಮೂರನೇ ಕೋಣೆ.
ಪಂಖಾ ತಿರುಗುತ್ತದೆ, ಗಾಳಿ ಮಾತ್ರ ಸ್ಟೇಷನ್ ರೋಡಿನಲ್ಲೇ ನಿಂತುಬಿಟ್ಟಿದೆ.
ನನ್ನ ಮುಂದೆ ನಲವತ್ತು ಪತ್ರಿಕೆ, ಒಂದೇ ಪ್ರಶ್ನೆ:
ನಾಯಕಿ ಅಂಬುಜೆಯ ಸ್ವಾತಂತ್ರ್ಯ ಬೆಳೆದು ಬಂದ ಬಗೆಯನ್ನು ವಿಶ್ಲೇಷಿಸಿ.
ಅಂಕ ಹತ್ತು.

ಮೂವತ್ತೊಂಬತ್ತೂ ಗೈಡಿನ ಮಕ್ಕಳು.
ಅಂಬುಜೆ ಅಕ್ಷರ ಕಲಿತಳು, ಗಂಡನ ಲೆಕ್ಕದ ವಹಿ ತೆರೆದಳು,
ಸಾಲ ಕೊಟ್ಟವರನ್ನು ಪಡಸಾಲೆಯಲ್ಲಿ ಕೂರಿಸಿ ಮಾತಾಡಿದಳು,
ಆದ್ದರಿಂದ ಸ್ವತಂತ್ರಳಾದಳು.
ಆದ್ದರಿಂದ ಆರು. ಆದ್ದರಿಂದ ಆರೂವರೆ.
ಕೆಂಪು ಪೆನ್ನಿಗೆ ಗಾಣದೆತ್ತಿನ ಹಾಗೆ
ದಾರಿ ಬಾಯಿಪಾಠ.

ನಲವತ್ತನೆಯದು, ಬರೀ ಒಂದು ನಂಬರು.
ಹುಡುಗನೋ ಹುಡುಗಿಯೋ, ಇಂಡಿಯದೋ ತಾಳಿಕೋಟೆಯದೋ.
ಅಕ್ಷರ ಎಡಕ್ಕೆ ವಾಲಿದೆ, ಪುಟದಂಚಿಗೆ ಎಣ್ಣೆಬೆರಳಿನ ಗುರುತು.
ಗ್ರಂಥದ ಭಾಷೆ ಎರಡು ಸಾಲಿಗೇ ಸುಸ್ತಾಗಿ
ಮನೆಯ ಮಾತಿಗೆ ಇಳಿದಿದೆ:

‘ಮೊದಲನೇ ಅಂಕದಾಗ ಅಂಬುಜೆಗೆ ಏಳ ಮಾತು. ಏಳೂ ಪ್ರಶ್ನೆ.
ಬಡಿಸಲೆ? ದೀಪ ಹಚ್ಚಲೆ? ಒಳಗೆ ಹೋಗಲೆ?
ಗಂಡ ಅಂದದ್ದರ ಬಾಲಾ ಹಿಡದು ತಿರುಗಿ ಅವಗ ಕೊಡ್ತಾಳ.
ಗೋಳಗುಮ್ಮಟದಾಗ ಏಳ ಸಲ ಕೇಳೂದು
ಗುಮ್ಮಟದ ದನಿ ಅಲ್ಲ, ಒದರಿದವಂದು.

ಮಾತು ಬಿಡ್ರಿ, ಕಂಸ ನೋಡ್ರಿ.
ಗಂಡ ಬಂದ್ರ (ಎದ್ದು ನಿಂತು), ಮಾವ ಕೆಮ್ಮಿದ್ರ (ಎದ್ದು ನಿಂತು),
ಗುಮಾಸ್ತ ಚಪ್ಪಲಿ ಬಿಟ್ಟ ಸಪ್ಪಳಕ್ಕೂ (ಎದ್ದು ನಿಂತು).
ಮೊದಲನೇ ಅಂಕದಾಗ ಹನ್ನೊಂದು. ಎರಡರಾಗ ಆರು. ಮೂರರಾಗ ಎರಡ.
ನಾಕನೇದರಾಗ ಗಂಡ ಒಳಗ ಬರ್ತಾನ.
ಆಕಿ ವಹಿ ನೋಡಕೋತ, ತಡವಾಯಿತು, ಅಂತಾಳ.
ಮುಂದ ಚುಕ್ಕಿ ಐತಿ. ಹಿಂದ ಕಂಸ ಇಲ್ಲ.
ದೇವಕಿ ಎಂಟು ಹೆತ್ತು ಕಂಸನ ಸೆರಿ ದಾಟಿದ್ಲು,
ಈಕಿ ಹತ್ತೊಂಬತ್ತು ಸಲ ಎದ್ದು.’

ಇಪ್ಪತ್ತಾರು ವರ್ಷ ಈ ನಾಟಕ ಪಾಠ ಹೇಳಿದ್ದೇನೆ.
ಕಂಸದೊಳಗಿನದು ಬಿಟ್ಟು ಓದಿ, ಪರೀಕ್ಷೆಗೆ ಬರುವುದಿಲ್ಲ,
ಎಂದವಳೂ ನಾನೇ.
ಮಾದರಿ ಉತ್ತರ ತೆಗೆದೆ: ಶಿಕ್ಷಣ, ಆರ್ಥಿಕ ಹೊಣೆ, ಆತ್ಮಗೌರವ, ಉಪಸಂಹಾರ.
ಏಳದೆ ಕೂತದ್ದಕ್ಕೆ ಅಲ್ಲಿ ಕಾಲು ಅಂಕವೂ ಇಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಬಬಲಾದಿ ಸರ್, ಮುಖ್ಯ ಮೌಲ್ಯಮಾಪಕರು,
ಸೇವೆಯಲ್ಲಿ ನನಗಿಂತ ನಾಲ್ಕು ವರ್ಷ ಕಿರಿಯರು.
ಎದ್ದೆ.
ಮೊಣಕಾಲಿಗೆ ಇನ್ನೂ ಹಳೆಯ ಪಠ್ಯವೇ.
‘ಕೂಡ್ರಿ ಮೇಡಂ, ಎಷ್ಟಾದುವು?’
‘ಒಂದ ಉಳದದ ಸರ್, ಮುಗಸ್ಲೇನ್ರಿ?’
ಆಡಿದ ಮೇಲೆ ಕೇಳಿಸಿತು
ನನ್ನ ಮಾತಿನ ಬಾಲ.

ಅವರು ಹೋದ ಮೇಲೆ ಚೀಲದಿಂದ ಪುಸ್ತಕ ತೆಗೆದು
ಮೊದಲ ಸಲ ಬರೀ ಕಂಸಗಳನ್ನೇ ಓದಿದೆ.
ಎಣಿಕೆ ಸರಿ. ಹನ್ನೊಂದು, ಆರು, ಎರಡು.
ಒಂಬತ್ತು ಕೊಟ್ಟೆ. ಒಂದು ಹಿಡಿದುಕೊಂಡೆ,
ಜಿಪುಣತನಕ್ಕಲ್ಲ.
ಪರದೆ ಬೀಳುವ ಮುಂಚೆ, ಪುಟ ಮಗುಚಿದರೆ,
ಆ ಮಗು ನೋಡದ ಇನ್ನೊಂದು ಕಂಸವಿದೆ:
(ಎದ್ದು, ನೀರು ಕುಡಿದು, ಮತ್ತೆ ಕೂರುತ್ತಾಳೆ.)
ಆಗ ರಂಗದ ಮೇಲೆ ಬೇರೆ ಯಾರೂ ಇಲ್ಲ.

ಕೋಣೆಯ ಮೂಲೆಯಲ್ಲಿ ಮಣ್ಣಿನ ಗಡಿಗೆ,
ಬೋರಲು ಹಾಕಿದ ಸ್ಟೀಲಿನ ಲೋಟ.
ಬೆಳಗಿನಿಂದ ನನಗೆ ಬಾಯಾರಿತ್ತು.