ಚಹಾ ಕರಡಿಗೆ

ಶೆಫೀಲ್ಡಿನ ಈ ನೆಲಮಾಳಿಗೆ ಅಂಗಡಿಗೆ ಬೆಳಕು ಬರುವುದು
ದಾರಿಹೋಕರ ಕಾಲ ಸಂದಿಯಿಂದ.
ಮಂಗಳವಾರ, ಹನ್ನೊಂದರ ಹೊತ್ತಿಗೆ
ಒಂದು ಜೊತೆ ಕಂದು ಬೂಟು ಬಂದು ನಿಂತಿತು,
ಅನುಮಾನಿಸಿತು, ಮೆಟ್ಟಿಲಿಳಿಯಿತು:
ಶ್ರೀಮತಿ ಲೆಟಿಸ್ ಬ್ರಾಮಾಲ್. ತೋಳಲ್ಲಿ ಟವಲಿನ ಗಂಟು,
ಆಗಷ್ಟೇ ಮೀಯಿಸಿದ ಕೂಸನ್ನು ಹಿಡಿದ ಹಾಗೆ.

ಬಿಚ್ಚಿದರೆ ಬೆಳ್ಳಿ. ಇನ್ನೂರೈವತ್ತು ವರ್ಷದ ಚಹಾ ಕರಡಿಗೆ,
ಹೆಗಲಲ್ಲೊಂದು ನೆಗ್ಗು, ಕಪ್ಪಡರಿದ ಮುಚ್ಚಳ.
"ಮೊಮ್ಮಗಳ ಮದುವೆ. ತಿಕ್ಕಿ ಕೊಡಿ. ಮತ್ತೆ ಇಲ್ಲಿ,
ಈ ಖಾಲಿ ವೃತ್ತದೊಳಗೆ, ಅವಳ ಹೆಸರಿನ ಎರಡಕ್ಷರ."
ಎಡಗೈಯಲ್ಲಿ ಚೀಟಿಯ ಮೇಲೆ ಬರೆದೂ ತೋರಿಸಿದರು.

ಕನ್ನಡಕದ ಮೇಲೆ ಕನ್ನಡಕ ಏರಿಸಿದೆ.
ಕೆತ್ತಿದವನು ಚೀನಾ ಕಂಡವನಲ್ಲ, ಚಹಾ ಗಿಡವನ್ನೂ.
ಸೇಬಿನ ಮರಕ್ಕೆ ಏಣಿ ಹಾಕಿ ಎಲೆ ಕೀಳುತ್ತಾರೆ
ಉದ್ದ ಜಡೆಯ ಚೀನೀಯರು;
ಮೂಗು ಮಾತ್ರ ಅಪ್ಪಟ ಯಾರ್ಕ್‌ಷೈರಿನದು,
ನಮ್ಮ ಬೀದಿಯ ಕಟುಕನದೇ.
ಪಕ್ಕದಲ್ಲೊಂದು ಕೊಕ್ಕರೆ. ಮೂರು ಕಾಲು.
ಉಳಿ ಜಾರಿರಬೇಕು;
ಜಾರಿದ್ದನ್ನೇ ಕಾಲು ಮಾಡಿ ಮುಂದೆ ಹೋಗಿದ್ದಾನೆ, ಪುಣ್ಯಾತ್ಮ.

ವೃತ್ತದ ನಡುವೆ ಹೆಬ್ಬೆರಳಿಟ್ಟೆ.
ತೆಳು. ಕೂಸಿನ ನೆತ್ತಿಯ ಹಾಗೆ
ಒತ್ತಿದರೆ ಮಿಸುಕುವಷ್ಟು ತೆಳು.
ಎನಕ್ ಮೇಷ್ಟ್ರು ಹೇಳುತ್ತಿದ್ದರು
(ಕಲಿಸಿದ್ದಕ್ಕಿಂತ ಬೈದದ್ದೇ ಹೆಚ್ಚು)
"ಖಾಲಿ ಅಂದರೆ ನಂಬಬೇಡ ಹುಡುಗಿ,
ಉಸಿರು ಬಿಟ್ಟು ನೋಡು."

ಬಿಟ್ಟೆ. ಮಂಜು ಕವಿಯಿತು.
ಮಂಜಿನೊಳಗಿಂದ ಎದ್ದವು, ಬಳ್ಳಿ ಬಳ್ಳಿಯಾಗಿ ಹೆಣೆದುಕೊಂಡು,
ಎ, ಎಂ, ಟಿ.
ನಾಲ್ಕು ಎಣಿಸುವಷ್ಟರಲ್ಲಿ ಇಲ್ಲ.
ಅರದ ಕೈಗೆ ಸಿಕ್ಕಿದ್ದು ಹೆಸರಿನ ಮೇಲ್ಮೈ ಅಷ್ಟೇ.
ಉಳಿ ಒತ್ತಿದ ಕಡೆ ಬೆಳ್ಳಿ
ಗೆರೆಗಿಂತ ಆಳಕ್ಕೆ ನೊಂದಿರುತ್ತದೆ.

"ಟಿ ಅಂದರೆ ಯಾರು?"
ಒಂದು ಬೂಟು ಇನ್ನೊಂದರ ಮೇಲೆ ಹತ್ತಿತು.
"ಟೆಂಪರ್ಲಿಯವರು. ನನ್ನ ಮುತ್ತಜ್ಜಿ ಅವರಲ್ಲಿ
ಬೆಳಗಿನ ಒಲೆ ಹೊತ್ತಿಸುವ ಕೆಲಸಕ್ಕಿದ್ದಳು.
ಅವರೇ ಕೊಟ್ಟರೋ ಏನೋ..."
ಮಿಕ್ಕಿದ್ದನ್ನು ಸ್ಟವ್ ಮೇಲಿನ ಕೆಟ್ಲು ಮಾತಾಡಿತು.

ಬೀಗದ ಕಣ್ಣಿನ ಸುತ್ತ ಐದಾರು ಗೀರು. ನಾನಾಗಲೇ ನೋಡಿದ್ದೆ.
ಚಾಕುವಿನ ತುದಿ; ಎಡಗೈಯ ಓಟ.
ಆ ಮನೆಯಲ್ಲಿ ಇನ್ನೂ ಚಹಾಕ್ಕೆ ಬೀಗವಿದ್ದಿರಬೇಕು,
ಕೀಲಿ ಯಜಮಾನಿಯ ಸೊಂಟದಲ್ಲಿ,
ಮೇಲಿನವರು ಕುಡಿದುಳಿದ ಸೊಪ್ಪು
ಕೆಳಗೆ ಅಡುಗೆಮನೆಯಲ್ಲಿ ಎರಡನೇ ಸಲ, ಮೂರನೇ ಸಲ ಕುದಿದು
ನೀರಿನ ಬಣ್ಣಕ್ಕೆ ತಿರುಗಿರಬೇಕು.

ಹೇಳಬೇಕಾದ್ದನ್ನಷ್ಟೇ ಹೇಳಿದೆ:
"ಇನ್ನೊಂದು ಹೆಸರಿಗೆ ಇಲ್ಲಿ ದಪ್ಪವಿಲ್ಲ.
ಉಳಿ ಇಟ್ಟರೆ ತೂತು."

ಅವರು ಬಾಗಿದರು. ಬಾಯಿ ತೆರೆದು ಹಾ ಎಂದರು,
ಬಸ್ಸಿನ ಕಿಟಕಿಗೆ ಮಕ್ಕಳು ಅನ್ನುವ ಹಾಗೆ.
ಅಕ್ಷರ ಬಂದವು, ಹೋದವು.
ಮತ್ತೆ ಹಾ.
ಎಷ್ಟು ಸಲವೋ; ನನ್ನ ಚಹಾ ಆರಿಹೋಯಿತು.

"ತಿಕ್ಕಿ. ನೆಗ್ಗು ತೆಗೆಯಿರಿ," ಎಂದರು ಕೈಗವಸು ಹಾಕಿಕೊಳ್ಳುತ್ತ.
ಮೆಟ್ಟಿಲ ಮೇಲೆ ಬೂಟು ಒಮ್ಮೆ ನಿಂತಿತು.
"ಬೀಗ ಮುಟ್ಟಬೇಡಿ. ಅದು ಇರುವ ಹಾಗೇ ಇರಲಿ."