ಎರಡು ಕೇಜಿ

ಝೆರಾಕ್ಸ್ ಮಿಷನ್ನಿನ ಬೆನ್ನು ಬೆಚ್ಚಗಿರುತ್ತದೆಂದು
ಮಸಿಗೆ ಯಾರು ಹೇಳಿದರೋ.
ದುರ್ಗಿಗುಡಿಯ ಹಿಂದಿನ ಓಣಿಯ ನನ್ನ ಅಂಗಡಿಯಲ್ಲಿ
ಪಹಣಿ, ಆಧಾರು, ಯಾರದೋ ವಿಚ್ಛೇದನದ ಅರ್ಜಿ
ಒಂದಕ್ಕೆ ನಾಲ್ಕಾಗಿ ಹೊರಬೀಳುವಾಗ
ಅದರ ಮೇಲೆ ಸುರುಳಿಯಾಗಿ ಮಲಗಿರುತ್ತಾಳೆ
ಪ್ರತಿಯಿಲ್ಲದವಳು.

ಹೋಳಿಯ ಮಾರನೇ ದಿನ, ಹಾಳೆಯ ಖಾಲಿ ಡಬ್ಬದಲ್ಲಿ ಸಿಕ್ಕಿದ್ದು.
ಆಗ ಅಂಗೈಯಗಲ. ಕಣ್ಣಲ್ಲಿ ಇನ್ನೂ ನೀಲಿ.

ವಿನೋಬನಗರದ ಪಶು ಆಸ್ಪತ್ರೆಯಲ್ಲಿ
ಡಾಕ್ಟರ್ ನಫೀಸಾ ಹಲ್ಲು ನೋಡಿ ವಯಸ್ಸು ಹೇಳಿದರು:
"ಐದು ತಿಂಗಳಾಗಲಿ, ಎರಡು ಕೇಜಿ ತೂಗಲಿ,
ಮೊದಲ ಬೆದೆಗೆ ಮುಂಚೆ ಕರೆತನ್ನಿ.
ತೀರಾ ತಡ ಮಾಡಬೇಡಿ,
ಅವಳೇನೂ ಕ್ಯಾಲೆಂಡರ್ ನೋಡಲ್ಲ."

ಅಂದಿನಿಂದ ಪ್ರತಿ ಸೋಮವಾರ
ಪಕ್ಕದ ಒಣಮೀನಂಗಡಿ, ಫಿಲೋಮಿನಮ್ಮನ ತಕ್ಕಡಿ.
ಒಂದು ತಟ್ಟೆಯಲ್ಲಿ ಮಸಿ, ಇನ್ನೊಂದರಲ್ಲಿ ಕಲ್ಲು.
ಏಳುನೂರು ಗ್ರಾಂ. ಒಂದೂಕಾಲು. ಒಂದೂವರೆ.
ಮೀನಿನ ಪುಡಿ ಅಂಟಿದ ತಟ್ಟೆಯನ್ನು
ಕೂತಲ್ಲೇ ನೆಕ್ಕುತ್ತಿದ್ದವಳನ್ನು ನೋಡಿ
ಗಿರಾಕಿಯೊಬ್ಬ ಕೇಳಿದ, "ಇದು ಕೇಜಿಗೆಷ್ಟು?"
ಫಿಲೋಮಿನಮ್ಮ ಒಂದು ಬಂಗಡೆ ಬೀಸಿದರು ಅವನತ್ತ.

"ಒಂದು ಸೂಲಾದರೂ ಆಗಲಿ ಕಣಮ್ಮಾ,
ತಾಯ್ತನ ತಪ್ಪಿಸಿದ ಶಾಪ ಯಾಕೆ?"
ಎಂದರು ಛಾಪಾ ಕಾಗದ ಮಾರುವ ಪುಟ್ಟಾಚಾರ್ರು.
"ಮರಿ ನೀವು ಸಾಕ್ತೀರಾ?"
"ನಮ್ಮನೇಲಿ ನಾಯಿ ಇದೆಯಲ್ಲ."

ಹೆತ್ತ ಬೆಕ್ಕು ಮರಿಗೆ ಏಳು ಮನೆ ತೋರಿಸುತ್ತದಂತೆ.
ಓಣಿಯಲ್ಲಿ ನಿಂತು ಎಣಿಸಿದೆ:
ಏಳು ಷಟರು. ರಾತ್ರಿ ಎಂಟಕ್ಕೆ ಏಳೂ ಕೆಳಗೆ.

ಒಂದೂಮುಕ್ಕಾಲು ತೂಗಿದ ವಾರ
ನಾನು ಅವಳ ಅನ್ನ ಕಡಿಮೆ ಮಾಡಿದೆ.
ಇದನ್ನು ಯಾರಿಗೂ ಹೇಳಿಲ್ಲ.
ಮದ್ದು ಕೊಟ್ಟು ಮಲಗಿಸಿದವಳು ಏಳದಿದ್ದರೆ ಎಂದು
ಎರಡು ಕೇಜಿಯನ್ನೇ ಮುಂದೂಡಲು ನೋಡಿದೆ.
ಅವಳು ಎದುರಿನ ಹೋಟೆಲಿಗೆ ಹೋಗಿ
ಯಾರೋ ಬಿಟ್ಟ ಆಮ್ಲೆಟ್ ತಿಂದು ಬಂದಳು.
ಸೋಮವಾರ ಎರಡಕ್ಕೆ ಐವತ್ತು ಗ್ರಾಂ ಕಡಿಮೆ.

ಅದೇ ರಾತ್ರಿ ಶೀಟಿನ ಮೇಲೆ ಕಿವಿಹರಿದ ಮಾಳಬೆಕ್ಕು.
ಕೂಗಲಿಲ್ಲ, ಕೂತಿತು ಅಷ್ಟೇ,
ಅರ್ಜಿ ಕೊಟ್ಟು ಕಾಯುವವರ ಹಾಗೆ.

ಮಹಡಿಯಲ್ಲಿ ಅಮ್ಮ ಬೆಳ್ಳುಳ್ಳಿ ಬಿಡಿಸುತ್ತಿದ್ದಳು.
"ಹೊಲಿಗೆ ಬಿಚ್ಚೋದು ಎಷ್ಟನೇ ದಿನ?"
"ಹತ್ತು."
"ನಂಗೆ ಎಂಟಕ್ಕೇ ಬಿಚ್ಚಿದ್ರು."

ಇಪ್ಪತ್ತನಾಲ್ಕು ವಯಸ್ಸಂತೆ. ಶಾಲೆಯ ಬೆಂಚುಗಳು.
ಒಂದೇ ಹಗಲಿಗೆ ಅರವತ್ತು ಹೆಂಗಸರು.
ದಿನ ಗೊತ್ತುಮಾಡಿದ್ದು ಅಜ್ಜಿ ಮತ್ತು ಅಪ್ಪ;
ಹಾಲು ಕರೆಯುವವರಿಲ್ಲದಂತಾಗಬಾರದೆಂದು
ಹಸು ಬತ್ತುವ ತನಕ ಕಾದಿದ್ದರಂತೆ.

"ಆಗಿದ್ದಕ್ಕೆ ಬೇಜಾರಿಲ್ಲ ಮಾರಾಯ್ತಿ,
ನಾಲ್ಕನೇದು ನಂಗೂ ಬೇಡಾಗಿತ್ತು.
ಬಿಚ್ಚೋ ದಿನ ಜೊತೆಗೆ ಯಾರೂ ಬರ್ಲಿಲ್ಲ ನೋಡು.
ಬಸ್ಸಲ್ಲಿ ನಿಂತೇ ಬಂದೆ."
ಎಂದು ಸಿಪ್ಪೆಯನ್ನು ಊದಿದಳು.

ಗುರುವಾರ ಎಂದು ಬರೆಸಿ ಬಂದೆ.
ಹಿಂದಿನ ರಾತ್ರಿ ಹನ್ನೆರಡರ ಮೇಲೆ ಏನೂ ಕೊಡುವಂತಿಲ್ಲ.
ಈಗ ಮೂರು ಗಂಟೆ.
ಮಸಿ ತನ್ನ ತಟ್ಟೆಯನ್ನು ಮೂಗಿನಿಂದ ನೂಕಿಕೊಂಡು
ಒಲೆಯಿಂದ ಹಾಸಿಗೆಯವರೆಗೆ ಬಂದಿದ್ದಾಳೆ,
ಮುಖಕ್ಕೆ ಮುಖ ಹಚ್ಚಿ ಕೇಳುತ್ತಿದ್ದಾಳೆ.
ಮೀನು ಕೇಳುತ್ತಿದ್ದಾಳೆ.
ಅದಕ್ಕಿಂತ ದೊಡ್ಡ ಪ್ರಶ್ನೆಯನ್ನು
ನಾನು ಅವಳ ಬಾಯಿಗೆ ತುರುಕಬಾರದು.

ನೀರು ಕುಡಿಯಲು ಎದ್ದು ದೀಪ ಹಾಕಿದೆ.
ಬಾಗಿಲ ಬಳಿ ಬೆತ್ತದ ಬುಟ್ಟಿ.
ಒಳಗೆ ಅಮ್ಮನ ಹಳೆಯ ನೂಲಿನ ಸೀರೆ, ನಾಲ್ಕು ಮಡಿಕೆ.
ನಾನಿಟ್ಟದ್ದಲ್ಲ.
ಪಕ್ಕದಲ್ಲಿ ಅವಳ ಚಪ್ಪಲಿ,
ಎರಡರ ಮೂತಿಯೂ ಹೊರಗಡೆಗೆ.